ಎಡಗಡೆಯ ನೊಗ

ಹೀರಾ ಒದ್ದ ಬಕೆಟ್ಟು ಗುರುಸಿದ್ದವ್ವನ ಕಿವಿ ಸವರಿಕೊಂಡು ಹೋಗಿ, ಗೋಡೆಗೆ ಬಡಿದು ರೊಟ್ಟಿಯ ಹಾಗೆ ಚಪ್ಪಟೆಯಾಯಿತು. ಆಕೆ ಅಲ್ಲೇ ಕುಸಿದು ಕೂತಳು. ಉಸಿರು ಬಂದ ಮೇಲೆ ಗಂಡನ ಕಡೆ ತಿರುಗಿದಳು.

"ಇವತ್ತ ಈ ಮನ್ಯಾಗ ಆ ಕುದರಿಯರ ಇರಬೇಕು, ಇಲ್ಲಾ ನಾನರ ಇರಬೇಕು. ಡಾಕ್ಟರಬಾಯಾರಿಗೆ ಫೋನ್ ಹಚ್ಚರಿ."

ಶಿವಲಿಂಗ ಬಲಗೈಯಲ್ಲಿ ಫೋನ್ ತೆಗೆದ. ಹೋದ ವಾರ ಇದೇ ಹೀರಾ ಅವನ ಎಡಗೈ ಮುರಿದಿತ್ತು. ಪ್ಲಾಸ್ಟರ್ ಹಾಕಿಸಿಕೊಂಡು ವಿಜಯಪುರದಿಂದ ಬಬಲೇಶ್ವರಕ್ಕೆ ಬರುವಾಗ, ಬಸ್ಸಿನಲ್ಲಿ ಏನಾಯಿತೆಂದು ಕೇಳಿದವರಿಗೆಲ್ಲ ಜಾರಿ ಬಿದ್ದೆ ಎಂದಿದ್ದ. ಸಾಕಿದ ಪ್ರಾಣಿಯ ಮರ್ಯಾದೆ ಕಾಯಲು ಮನುಷ್ಯ ಎಂತೆಂಥ ಸುಳ್ಳು ಹೇಳುತ್ತಾನೆ!

ಈ ಕಡೆ ಶರ್ಯತ್ತಿನ, ಅಂದರೆ ಓಟದ ಪಂದ್ಯದ, ಗಾಡಿಗೆ ಒಂದು ಎತ್ತು, ಒಂದು ಕುದುರೆ ಜೋಡಿ ಮಾಡಿ ಹೂಡುವುದುಂಟು. ನೊಗದ ಎಡಕ್ಕೆ ಸರ್ಜಾ ಎಂಬ ಎತ್ತು, ಬಲಕ್ಕೆ ಹೀರಾ. ತಿಕೋಟಾದ ಬಯಲಿನಲ್ಲಿ ಈ ಜೋಡಿ ಬಂತೆಂದರೆ ಮಿಕ್ಕ ಗಾಡಿಯವರು ಎರಡನೇ ಬಹುಮಾನದ ಮಾತಾಡುತ್ತಿದ್ದರು. ಚರ್ಮಗಂಟು ರೋಗ ಬಂದು ಸರ್ಜಾ ಸತ್ತಿತು. ಅಂದಿನಿಂದ ಹೀರಾ ಯಾರನ್ನೂ ಹತ್ತಿರ ಬಿಟ್ಟುಕೊಳ್ಳಲಿಲ್ಲ. ಹೊಸ ಎತ್ತು ತಂದು ಪಕ್ಕದಲ್ಲಿ ನಿಲ್ಲಿಸಿದರೆ ಅದರ ಹೆಗಲು ಕಚ್ಚಿ ಹರಿಯಿತು. ಆಮೇಲೆ ಮನುಷ್ಯರ ಪಾಳಿ. ಬೆಲ್ಲ ತಿನ್ನಿಸಿದ್ದಾಯಿತು, ಬೈದದ್ದಾಯಿತು, ತಾಯತ ಕಟ್ಟಿಸಿದ್ದಾಯಿತು. ತಾಯತವನ್ನೂ ಅದು ಕಿತ್ತು ತಿಂದುಹಾಕಿತು.

ಪಶುವೈದ್ಯೆ ಅಂಜುಮ ಜಲನಗರದಿಂದ ಸ್ಕೂಟಿಯಲ್ಲಿ ಬರುವಷ್ಟರಲ್ಲಿ ಬಿಸಿಲು ಏರಿತ್ತು. ರೋಗವೇನೂ ಕಾಣುವುದಿಲ್ಲವೆಂದು ಅವರು ಹಿಂದೆಯೇ ನೋಡಿ ಹೇಳಿದ್ದರು. ಈಗ ಚೀಲ ಬಿಚ್ಚಿ ಸಿರಿಂಜಿಗೆ ದಯಾಮರಣದ ಔಷಧಿ ಎಳೆದುಕೊಂಡರು.

"ಯಜಮಾನ್ರ, ಒಮ್ಮೆ ಚುಚ್ಚಿದ್ರ ಮುಗೀತು ನೋಡ್ರಿ. ಹಿಂದಕ್ಕ ತರಾಕ ಬರಂಗಿಲ್ಲ. ನಿಮ್ಮ ಬಾಯಿಂದ ಹೂಂ ಅನ್ರಿ."

ಶಿವಲಿಂಗ ಹೆಂಡತಿಯನ್ನು ನೋಡಿದ.

"ನನ್ನ ಮಾರಿ ಏನ ನೋಡತೀರಿ? ಕುದರಿ ನಿಮ್ಮದು," ಎಂದಳು ಗುರುಸಿದ್ದವ್ವ.

"ಹೂಂ," ಎಂದ ಶಿವಲಿಂಗ.

ಇಕ್ಕಟ್ಟಾದ ಶೆಡ್ಡಿನಲ್ಲಿ ಕುದುರೆಯ ಹತ್ತಿರ ಹೋಗುವುದು ಆಗದ ಮಾತು. ಬಯಲಿಗೆ ತಂದು ಬೇವಿನ ಮರಕ್ಕೆ ಕಟ್ಟಬೇಕಿತ್ತು. ಶಿವಲಿಂಗ ದೂರದಿಂದ ಅಗಳಿ ಎಳೆದು, ಅದರ ಕೊರಳಿನ ಹಗ್ಗವನ್ನು ಬಲಗೈಗೆ ಸುತ್ತಿಕೊಳ್ಳುವಷ್ಟರಲ್ಲಿ ಹೀರಾ ಅವನ ಅಂಗೈಯ ಚರ್ಮ ಸುಲಿದುಕೊಂಡೇ ಹೊರಗೆ ಹಾರಿತು. ಕೊಯ್ದ ಜೋಳದ ಹೊಲದಲ್ಲಿ ಕರಿಮಣ್ಣು ಚಿಮ್ಮಿಸುತ್ತ ಹೋಯಿತು. ಹಾಗೆ ಓಡುವುದನ್ನು ನೋಡಿ ಎಷ್ಟೋ ದಿನಗಳಾಗಿದ್ದವು. ಅಬ್ಬಾ, ಎಂಥ ಓಟ! ಕಾಲು ನೆಲಕ್ಕೆ ತಾಗುತ್ತಿದೆಯೋ ಇಲ್ಲವೋ ತಿಳಿಯದಂಥ ಓಟ. ಹಾಗೇ ಓಡಿಹೋಗಲಿ, ಮತ್ತೆ ಬರದಿರಲಿ, ತನ್ನ ಹೂಂ ಸುಳ್ಳಾಗಲಿ ಎಂದು ಶಿವಲಿಂಗ ಒಳಗೊಳಗೇ ಬೇಡಿಕೊಂಡ.

ಕಾಲುವೆಯ ದಂಡೆಯಲ್ಲಿ ಹೀರಾ ತಿರುಗಿತು. ನೆಟ್ಟಗೆ ಮನೆಯ ಕಡೆಗೇ ಬಂತು. ಅಂಜುಮ ಸ್ಕೂಟಿಯ ಹಿಂದೆ ಅವಿತರು, ಗುರುಸಿದ್ದವ್ವ ಗೋಡೆಗೆ ಒತ್ತಿ ನಿಂತಳು. ಕುದುರೆ ಯಾರನ್ನೂ ಕಣ್ಣೆತ್ತಿ ನೋಡಲಿಲ್ಲ. ಮೂಲೆಯಲ್ಲಿ ನೊಗ ನೆಲಕ್ಕೂರಿ ನಿಂತಿದ್ದ ಶರ್ಯತ್ತಿನ ಗಾಡಿಯ ಬಳಿ ಹೋಗಿ, ಬಲಗಡೆಯ ತನ್ನ ಜಾಗದಲ್ಲಿ ನಿಂತು ಕುತ್ತಿಗೆ ಬಗ್ಗಿಸಿತು. ಸರ್ಜಾ ನಿಲ್ಲುತ್ತಿದ್ದ ಎಡಕ್ಕೆ ಹೊರಳಿ ಮೆಲ್ಲಗೆ ಕೆನೆಯಿತು. ಮತ್ತೆ ಕುತ್ತಿಗೆ ಬಗ್ಗಿಸಿ ಕಾಯತೊಡಗಿತು.

ನೊಗ ಕಂಡು ಹಿಂದೆ ಸರಿಯುವ ದನಗಳನ್ನು ಶಿವಲಿಂಗ ಬೇಕಾದಷ್ಟು ನೋಡಿದ್ದ. ನೊಗ ಬೇಡಿಕೊಂಡು ಬಂದ ಜೀವವನ್ನು ನೋಡಿರಲಿಲ್ಲ. ಕೈ ಮುಗಿಯಬೇಕೆನ್ನಿಸಿತು, ಆದರೆ ಒಂದು ಕೈ ಪ್ಲಾಸ್ಟರಿನಲ್ಲಿತ್ತು.

"ಈಗ ನಿಂತೈತ್ರಿ," ಅಂಜುಮ ಪಿಸುಗುಟ್ಟಿದರು. "ಮತ್ತ ಹಿಂಗ ನಿಲ್ಲತೈತೋ ಇಲ್ಲೋ. ಚುಚ್ಚಲೇನ್ರಿ?"

ಅಷ್ಟರಲ್ಲಿ ಗುರುಸಿದ್ದವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಗಾಡಿಯ ಕಡೆ ಹೊರಟಿದ್ದಳು.

"ಲೇ, ಎಡಕ್ಕ ಹೋಗಬ್ಯಾಡ! ಒದೀತೈತಿ!" ಎಂದು ಶಿವಲಿಂಗ ಕೂಗಿದ.

"ಒದ್ದರ ಒದೀಲಿ. ತಾನಾಗೇ ಕೊಳ್ಳ ಕೊಟ್ಟ ನಿಂತೈತಿ. ಅದಕ್ಕ ಸೂಜಿ ಚುಚ್ಚತೀರೇನು?"

ಆಕೆ ಬಗ್ಗಿ ಎರಡೂ ಕೈಯಿಂದ ನೊಗ ಎತ್ತಿದಳು. ಬಲತುದಿಯನ್ನು ಹೀರಾನ ಕುತ್ತಿಗೆಗೆ ಇಟ್ಟು, ಎಡತುದಿಯನ್ನು ತನ್ನ ಹೆಗಲಿಗೆ ಏರಿಸಿದಳು. ಕುದುರೆಯ ಚರ್ಮ ಅಲೆ ಎದ್ದಂತೆ ಅದುರಿತು. ಹಿಂಗಾಲು ಮೇಲೆದ್ದಿತು. ಆ ಕಾಲು ಎತ್ತಿದಷ್ಟೇ ಮೆತ್ತಗೆ ಕೆಳಗಿಳಿಯಿತು. ಹೀರಾ ಆಕೆಯ ತಲೆಯನ್ನು ಮೂಸಿತು, ತುರುಬಿನ ಮೇಲೆ ಬಿಸಿ ಉಸಿರು ಬಿಟ್ಟಿತು. ಆಮೇಲೆ ಒಂದು ಹೆಜ್ಜೆ ಮುಂದಿಟ್ಟಿತು, ಆಕೆಯೂ ಇಟ್ಟಳು. ಗಾಡಿಯ ಗಾಲಿ ಕಿರ್ರೆಂದು ತಿರುಗಿತು.

ಅಂಜುಮ ಸೂಜಿಗೆ ಮುಚ್ಚಳ ಹಾಕಿದರು. ಭಾರಕ್ಕೆ ಬಾಗಿದ್ದ ಗುರುಸಿದ್ದವ್ವ ನೊಗದ ಕೆಳಗಿನಿಂದಲೇ ಗಂಡನನ್ನು ಗದರಿದಳು:

"ಬಾಯಿ ತಗದ ಏನ ನೋಡಾಕತ್ತೀರಿ? ಗಾಡಿ ಹತ್ತರಿ!"