ಅನ್‌ಲಿಮಿಟೆಡ್ ಮಾತು

ಪಾಲಾರಿವಟ್ಟಂನ ಮೊಬೈಲ್ ಅಂಗಡಿಯಲ್ಲಿ ಕೃಷ್ಣಕುಮಾರ್ ಮತ್ತೆ ಅದೇ ಪ್ರಶ್ನೆ ಕೇಳಿದ; ಕೌಂಟರಿನ ಹುಡುಗಿ ಮಲಯಾಳದಲ್ಲಿ ಮತ್ತೆ ಅದೇ ಉತ್ತರ ಕೊಟ್ಟಳು. ಫೋನ್ ಹೊಸದು ತೆಗೆದುಕೊಂಡರೂ ಹಳೆಯ ಅನ್‌ಲಿಮಿಟೆಡ್ ನೆಟ್ ಪ್ಲಾನು ಹಾಗೇ ಉಳಿಯುತ್ತದೆ. ಆದರೆ ವಿಡಿಯೊ ಕಾಲ್ ಬೇಕೆಂದರೆ ತ್ರೀಜಿ ಸಿಮ್ಮೇ ಆಗಬೇಕು. ಆಗ ಹಳೆಯ ಪ್ಲಾನು ಹೋಯಿತೆಂದೇ ಲೆಕ್ಕ, ಇನ್ನು ಅದು ಯಾರಿಗೂ ಸಿಗುವುದಿಲ್ಲ. ಹೊಸದರಲ್ಲಿ ಎಲ್ಲಕ್ಕೂ ಅಳತೆ.

ಹಾಗಾದರೆ ಹಳೆಯ ಸಿಮ್ಮೇ ಇರಲಿ, ಫೋನ್ ಮಾತ್ರ ಸಾಕು ಎಂದು ಕೃಷ್ಣಕುಮಾರ್ ನಿಟ್ಟುಸಿರು ಬಿಟ್ಟ. ದೊಡ್ಡ ಗಂಡಾಂತರ ತಪ್ಪಿತೆಂಬಂತೆ.

ಪಕ್ಕದಲ್ಲಿದ್ದ ಮಗಳು ನಿಶ್ಮಿತಾಗೆ ಇದು ಕೇಳಿಸಲಿಲ್ಲ. ಹುಟ್ಟಿನಿಂದಲೂ ಅವಳಿಗೆ ಕಿವಿ ಕೇಳಿಸದು. ಆದರೆ ಅಪ್ಪನ ಮುಖ ಓದುವುದರಲ್ಲಿ ಎತ್ತಿದ ಕೈ. ತಿರುವನಂತಪುರದ ಕಾಲೇಜಿನಿಂದ ರಜೆಗೆ ಬಂದವಳೇ ಹಠ ಹಿಡಿದಿದ್ದಳು, ತನ್ನಂತೆ ಅಪ್ಪನಿಗೂ ವಿಡಿಯೊ ಕಾಲ್ ಇರುವ ಫೋನೇ ಆಗಬೇಕೆಂದು. ಗೆಳತಿಯರೆಲ್ಲ ಈಗ ಮನೆಯವರೊಡನೆ ಕೈಯಲ್ಲೇ ಮಾತಾಡುತ್ತಾರಂತೆ.

ಕೃಷ್ಣಕುಮಾರನಿಗೆ ಆ ಕೈಭಾಷೆಯೇ ಬಾರದು. ಕಾಸರಗೋಡಿನ ಕೋರ್ಟುಗಳಿಂದ ಬರುವ ಕನ್ನಡ ದಾಖಲೆಗಳನ್ನು ಹೈಕೋರ್ಟಿಗಾಗಿ ಇಂಗ್ಲಿಷಿಗೆ ತರುವುದು ಅವನ ಕೆಲಸ. ಅಂಥವನಿಗೆ ಸ್ವಂತ ಮಗಳ ಮಾತು ತಿಳಿಯಲು ಹೆಂಡತಿ ಇಂದುಮತಿಯೇ ದುಭಾಷಿ. ಕಲಿತರಾಯಿತು, ಕಲಿತರಾಯಿತು ಎನ್ನುತ್ತಲೇ ಹುಡುಗಿ ಕಾಲೇಜು ಸೇರಿದಳು. ಅಷ್ಟರಲ್ಲಿ ಈ ಪ್ಲಾನು ಬಂತು, ಬಚಾವಾದ. ಚಾಟಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಕುಟ್ಟಿ ಕುಟ್ಟಿ ಅಪ್ಪ ಮಗಳು ಹರಟೆಮಲ್ಲರಾದರು. ಮಲಯಾಳದಲ್ಲಿ ಓದಿದ ಹುಡುಗಿಗೆ ಕನ್ನಡ ಬಂದದ್ದೇ ಹಾಗೆ. ಪಾಪ, ಅಷ್ಟು ತಡವಾಗಿ ಸಿಕ್ಕಿದ ಮಾತನ್ನು ಬಿಟ್ಟುಕೊಡಲು ಯಾರಿಗೆ ಮನಸ್ಸು ಬರುತ್ತದೆ?

ಜೇಬಿನಲ್ಲಿ ಹಳೆಯ ಫೋನ್ ಗುಂಯ್‌ಗುಟ್ಟಿತು. ಒಂದು ಮಾರು ದೂರದಲ್ಲಿ ನಿಂತೇ ಮಗಳು ಕುಟ್ಟಿದ್ದಳು: "ವಿಡಿಯೊ ಬೇಡ ಅಂದ್ರಾ ಅಪ್ಪ?"

"ಹಳೇ ಪ್ಲಾನ್ ಹೋಗ್ತದೆ ಮಗಾ. ಮತ್ತೆ ಸಿಗುದಿಲ್ಲ."

ಅವಳು ಓದಿದಳು. ಮತ್ತೆ ಬರೆದಳು: "ಪ್ಲಾನ್ ಹೋಗ್ತದೆ ಅಂತಲಾ? ಅಲ್ಲ, ಕೈಮಾತು ಬರುದಿಲ್ಲ ಅಂತ ನಾಚಿಕೆಯಾ?"

ಬರೆಯುವುದೇ ಕಸುಬಾದ ಕೃಷ್ಣಕುಮಾರ್ ಫೋನನ್ನು ಜೇಬಿಗಿಳಿಸಿದ. ಈಗ ಎರಡೂ ಕೈ ಖಾಲಿ, ಅವುಗಳನ್ನು ಏನು ಮಾಡಬೇಕೆಂದು ತಿಳಿಯಲಿಲ್ಲ. ಕೊನೆಗೆ ಬಲಗೈಯ ಐದೂ ಬೆರಳು ಕೂಡಿಸಿ ಬಾಯಿಯ ಹತ್ತಿರ ತಂದು ಹುಬ್ಬೇರಿಸಿದ. ಊಟ ಮಾಡುವಾ?

ನಿಶ್ಮಿತಾ ನಕ್ಕಳು. ಕಣ್ಣು ಮಾತ್ರ ತುಂಬಿಕೊಂಡಿತ್ತು. ಅವನು ಕೌಂಟರಿನತ್ತ ತಿರುಗಿ, ಹೊಸ ಸಿಮ್ಮನ್ನೇ ಕೊಡಿ ಎಂದ.

ಮಗಳು ತಿರುವನಂತಪುರಕ್ಕೆ ಮರಳಿದ ಭಾನುವಾರ ಮೊದಲ ಕರೆ ಬಂತು. ಫೋನ್ ಹಿಡಿದುಕೊಂಡರೆ ಮಾತಾಡಲು ಕೈ ಎಲ್ಲಿ? ಕೃಷ್ಣಕುಮಾರ್ ಅದನ್ನು ಊಟದ ಮೇಜಿನ ಉಪ್ಪಿನಕಾಯಿ ಭರಣಿಗೆ ಒರಗಿಸಿ, ಅದೇ ಐದು ಬೆರಳನ್ನು ಬಾಯಿಗೆ ತಂದ. ಪರದೆಯ ಮೇಲೆ ಮಗಳ ಕೈಗಳು ಸರಸರನೆ ಏನೇನೋ ಹೇಳಿದವು. ಅವನಿಗೆ ಒಂದೂ ತಿಳಿಯಲಿಲ್ಲ. ಹಿಂದೆ ನಿಂತಿದ್ದ ಇಂದುಮತಿ ಅಭ್ಯಾಸಬಲದಿಂದ ಬಾಯಿ ತೆರೆದಳು.

"ನೀನು ಹೇಳ್ಬೇಡ ಮಾರಾಯ್ತಿ. ಅವಳೇ ಹೇಳ್ಲಿ."

"ನಿಮಿಷಕ್ಕಿಷ್ಟು ಅಂತ ದುಡ್ಡು ಓಡ್ತಾ ಉಂಟು."

"ಓಡ್ಲಿ" ಎಂದ ಕೃಷ್ಣಕುಮಾರ್, ಇನ್ನೊಮ್ಮೆ ಎಂಬಂತೆ ಗಾಳಿಯಲ್ಲಿ ಬೆರಳು ಸುತ್ತಿಸಿದ. ಆಚೆ ಮಗಳು ಚಿಕ್ಕ ಮಕ್ಕಳಿಗೆ ಅಕ್ಷರ ತಿದ್ದಿಸುವ ಹಾಗೆ ನಿಧಾನವಾಗಿ, ಮೊದಲಿನಿಂದ ಶುರುಮಾಡಿದಳು.