ಗುಂಪಿನ ಗೊಡವೆ ಬೇಡ

ಅಂಗೈಯಗಲದ ಆ ಬೆಟ್ಟದ ದೇಶವನ್ನು ಟೂರಿನವರ ಹಿಂದೆ ಕುರಿಯಂತೆ ಸುತ್ತುವುದಿಲ್ಲ ಎಂದು ಆತ ಹೊರಡುವ ಮೊದಲೇ ಹೆಂಡತಿಗೆ ಹೇಳಿದ್ದ.

"ಟೂರಿನವ್ರು ಅಡುಗೆಯವರನ್ನೂ ಕರ್ಕೊಂಡು ಹೋಗ್ತಾರಂತೆ ರೀ."

"ಸಾರು ಕುಡಿಯೋಕೆ ಪರದೇಶಕ್ಕೆ ಹೋಗ್ಬೇಕೇನೇ?"

ಬಂದ ಮೇಲೆ ಅವಳಿಗೆ ದಿನವೂ ಮಂಡಿನೋವು. ಅವಳನ್ನು ಹೋಟೆಲಿನಲ್ಲೇ ಬಿಟ್ಟು, ಒಣ ಬ್ರೆಡ್ಡು ಅಗಿಯುತ್ತ ಆತನೊಬ್ಬನೇ ಬೆಟ್ಟ ಹತ್ತಿದ.

ಕೊನೆಯ ದಿನ ಕಣಿವೆಯ ತಿರುವಿನಲ್ಲಿ ಇಂಗಿನ ಒಗ್ಗರಣೆ ಘಮ್ಮೆಂದಿತು. ಟೂರಿನ ಬಸ್ಸು ನಿಂತಿತ್ತು, ಪಕ್ಕದಲ್ಲಿ ಊಟದ ಸಾಲು. ಆತ ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು ತಟ್ಟೆ ಹಿಡಿದು ನುಸುಳಿದ.

ಅಡುಗೆಯವರು ಸೌಟನ್ನು ಮೇಲೆಯೇ ಹಿಡಿದರು. "ನೀವು ನಮ್ಮ ಗುಂಪಿನವರಾ?"

"ಹೌದು ಸ್ವಾಮಿ, ಹಿಂದಿನ ಸೀಟು."

ಬಸ್ಸಿನ ಮೆಟ್ಟಿಲ ಮೇಲೆ ಹಪ್ಪಳ ಮುರಿಯುತ್ತ ಕೂತಿದ್ದ ಅವನ ಹೆಂಡತಿ ಕೂಗಿದಳು: "ಬಡಿಸಿ ಭಟ್ರೇ, ನಾನು ದಿನಾ ಹೇಳ್ತಿದ್ನಲ್ಲ, ಅವ್ರೇ ಇವ್ರು!"