ನಿಲ್ಲಿಸದ ಎಂಜಿನ್

"ಆಂಟಪ್ಪನ್ ಚೇಟ್ಟಾ, ಎಂಜಿನ್ ಒಮ್ಮೆ ಆಫ್ ಮಾಡ್ತೀನಿ," ಎಂದು ಧನಶ್ರೀ ಕೀಲಿಯ ಮೇಲೆ ಕೈಯಿಟ್ಟಳು. ಫೋರ್ಟ್ ಕೊಚ್ಚಿಯ ಅಳಿವೆ ದಾಟಿ ಕಡಲಿಗೆ ಬಂದಿದ್ದ ಹಳೇ ಸ್ಪೀಡ್‌ಬೋಟು ಪ್ರತಿ ತೆರೆಗೂ ಮೂತಿ ಎತ್ತಿ ದಬಕ್ಕನೆ ಬೀಳುತ್ತಿತ್ತು.

"ಅಯ್ಯೋ, ಇಲ್ಲಿ ಬೇಡ ಮೋಳೇ!" ಬೋಟು ಮಾರಲು ಹೊರಟಿದ್ದ ಆಂಟಪ್ಪನ್ ಅವಳ ಕೈ ಹಿಡಿದುಕೊಂಡ. ಮಂಗಳೂರು ಬಂದರಿನಲ್ಲಿ ದುಡಿದು ಕಲಿತ ಕನ್ನಡ ಅವನದು. "ಎಂಜಿನ್ ನಿಂತ್ರೆ ಬೋಟು ಅಡ್ಡ ತಿರುಗ್ತದೆ, ನೀರು ಒಳಗೆ ಬರ್ತದೆ."

"ಮತ್ತೆ ಸ್ಟಾರ್ಟ್ ಮಾಡಿದ್ರಾಯ್ತು. ನಾವು ಜೆಟ್ಟಿಗೆ ಬರೋಕೆ ಮುಂಚೇನೇ ಇದು ಓಡ್ತಿತ್ತು. ಸ್ಟಾರ್ಟ್ ಆಗೋದನ್ನ ನಾವಿನ್ನೂ ನೋಡೇ ಇಲ್ಲ."

"ಸುಮ್ನಿರೇ ಧನೂ," ಎಂದ ಸ್ಟೀರಿಂಗ್ ಹಿಡಿದಿದ್ದ ಗಂಡ ತರುಣ್. ಹೆಂಡತಿಯ ಬಳೆ ಅಡವಿಟ್ಟಾದರೂ ಈ ಬೋಟು ಕೊಳ್ಳಲೇಬೇಕೆಂದು ಅವನು ತಿರುವನಂತಪುರದಿಂದ ರೈಲು ಹತ್ತಿದ್ದ. "ಪಾಪ, ನಮಗೋಸ್ಕರ ಬಿಸಿ ಮಾಡಿಟ್ಟಿದ್ದಾರೆ."

"ಬಿಸಿ ಮಾಡಿಡೋಕೆ ಇದೇನು ಸ್ನಾನದ ನೀರಾ? ಚೇಟ್ಟಾ, ಮತ್ತೆ ಸ್ಟಾರ್ಟ್ ಆಗುತ್ತೋ ಇಲ್ವೋ, ಅಷ್ಟು ಹೇಳಿ."

"ಆಗ್ತದೆ. ದೇವರಾಣೆ."

"ಹಾಗಾದ್ರೆ ಕೈ ಬಿಡಿ."

ಆಂಟಪ್ಪನ್ ಕೈ ಬಿಟ್ಟ. ದೂರದ ದಡವನ್ನೊಮ್ಮೆ, ಎದುರಿನ ತೆರೆಯನ್ನೊಮ್ಮೆ ನೋಡಿದ. ಆಮೇಲೆ ಸೀಟಿನಡಿಗೆ ಬಗ್ಗಿ, ಬೋಟಿನಲ್ಲಿದ್ದ ಒಂದೇ ಒಂದು ಲೈಫ್ ಜಾಕೆಟ್ ಎಳೆದು ತಾನೇ ತೊಟ್ಟುಕೊಂಡು ಪಟ್ಟಿಗಳನ್ನೆಲ್ಲ ಬಿಗಿದ. "ಹ್ಞೂಂ, ಮಾಡು ಮೋಳೇ," ಎಂದ.

ತರುಣ್ ಬೋಟನ್ನು ದಡದ ಕಡೆಗೆ ತಿರುಗಿಸಿದ.